ತರಬೇತಿ ಎಲ್ಲರೂ ಮುಗಿಸಿದರು, ಬ್ಯಾಂಕ್ ಏನು ಕಲಿಯಿತು?

ಓದುಗರ ಪ್ರಶ್ನೆ: ನಾನು ಒಂದು ಬ್ಯಾಂಕಿನ ಶಾಖೆ ನೋಡಿಕೊಳ್ಳುತ್ತೇನೆ. ಮೇಲಿನಿಂದ ಬರುವ ಸುತ್ತೋಲೆಗಳಲ್ಲಿ "ಕಲಿಕೆಯ ಸಂಸ್ಕೃತಿ", "ಹೊಸತನ" ಅನ್ನೋ ಮಾತು ಇದ್ದೇ ಇರುತ್ತದೆ. ವರ್ಷಪೂರ್ತಿ ಆನ್‌ಲೈನ್ ತರಬೇತಿ ನಡೆಯುತ್ತದೆ, ಎಲ್ಲರೂ ಮುಗಿಸುತ್ತಾರೆ, ಸರ್ಟಿಫಿಕೇಟೂ ಬರುತ್ತದೆ. ಕೆಲಸ ಮಾಡುವ ರೀತಿ ಮಾತ್ರ ಹಾಗೇ ಇದೆ. ಕಲಿಕೆಗೂ ಹೊಸತನಕ್ಕೂ ನಿಜವಾಗಿ ಸಂಬಂಧ ಇದೆಯಾ? ಜನರ ದುಡ್ಡು ಕಾಯುವ ಜಾಗದಲ್ಲಿ "ತಪ್ಪು ಮಾಡಿ ಕಲಿಯಿರಿ" ಅನ್ನೋದು ಸರಿಯಾ? ನನ್ನ ಮಟ್ಟದಲ್ಲಿ ನಾನೇನು ಮಾಡಬಹುದು?

ಉತ್ತರ: ಸಂಬಂಧ ಇದೆ, ಗಟ್ಟಿಯಾಗೇ ಇದೆ. ಅದು ನಿಮ್ಮ ಶಾಖೆಯಲ್ಲಿ ಯಾಕೆ ಕಾಣುತ್ತಿಲ್ಲ ಅಂದರೆ, ತರಬೇತಿಯಿಂದ ಆಗದ ಕೆಲಸವನ್ನು ಎಲ್ಲರೂ ತರಬೇತಿಯಿಂದ ನಿರೀಕ್ಷೆ ಮಾಡುತ್ತಿದ್ದಾರೆ. ಬ್ಯಾಂಕಿಗೆ ಈಗಾಗಲೇ ಗೊತ್ತಿರುವುದನ್ನು ಸಿಬ್ಬಂದಿಗೆ ತಿಳಿಸುವುದು ತರಬೇತಿಯ ಕೆಲಸ. ಅದೂ ಬೇಕು. ಅಕ್ರಮ ಹಣ ಪತ್ತೆ ಮಾಡುವುದು ಹೇಗೆ, ಸಾಲದ ಕಾಗದಪತ್ರ ನೋಡುವುದು ಹೇಗೆ ಅನ್ನೋದು ಹೇಳಿಕೊಡದೆ ಬರುವುದಿಲ್ಲ. ಆದರೆ ಹೊಸತು ಹುಟ್ಟಬೇಕಾದರೆ ಹರಿವು ಉಲ್ಟಾ ಇರಬೇಕು. ಸಿಬ್ಬಂದಿಗೆ ಗೊತ್ತಿದ್ದು ಬ್ಯಾಂಕಿಗೆ ಗೊತ್ತಿಲ್ಲದ ಸಂಗತಿ ಮೇಲಕ್ಕೆ ಹೋಗಬೇಕು, ಹೋಗಿ ಒಂದು ನಿಯಮವನ್ನೋ ಒಂದು ಫಾರಂ ಅನ್ನೋ ಒಂದು ಸ್ಕ್ರೀನ್ ಅನ್ನೋ ಬದಲಾಯಿಸಬೇಕು. ಕೌಂಟರಿನಲ್ಲಿ ಕಂಡದ್ದು ನಿಯಮವನ್ನು ಬದಲಿಸಲು ಎಷ್ಟು ದಿನ ಹಿಡಿಯುತ್ತದೆ? ಅದನ್ನು ಹೇಳಿದವರಿಗೆ ಆಮೇಲೆ ಏನಾಗುತ್ತದೆ? ಒಂದು ಬ್ಯಾಂಕಿನ ಕಲಿಕೆಯ ಸಂಸ್ಕೃತಿ ಹೇಗಿದೆ ಅಂತ ತಿಳಿಯೋಕೆ ನಾನು ಕೇಳುವುದು ಈ ಎರಡೇ ಪ್ರಶ್ನೆ.

ಒಂದು ಸಣ್ಣ ವಿಷಯ ನೋಡಿ. ಖಾತೆ ತೆರೆಯುವ ಸ್ಕ್ರೀನ್. ಗ್ರಾಹಕರ ವಿಳಾಸವನ್ನು ಅದು ಮೂರು ಕಡೆ ಕೇಳುತ್ತದೆ, ಒಂದು ಕಡೆ ಪಿನ್ ಕೋಡ್ ಮೊದಲು ಹಾಕದಿದ್ದರೆ ಮುಂದಕ್ಕೇ ಹೋಗುವುದಿಲ್ಲ, ಮಧ್ಯದಲ್ಲಿ ಹಿಂದಿನ ಪುಟಕ್ಕೆ ಹೋದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಹಳೆಯ ಸಿಬ್ಬಂದಿಗೆ ಇದೆಲ್ಲ ಬೆರಳ ತುದಿಯಲ್ಲಿರುತ್ತದೆ. ಅವರು ಮೊದಲೇ ಎಲ್ಲ ವಿವರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಒಂದೇ ಓಟದಲ್ಲಿ ಟೈಪ್ ಮಾಡುತ್ತಾರೆ. ಹೊಸದಾಗಿ ಬಂದ ಹುಡುಗಿ ಪಕ್ಕದ ಕುರ್ಚಿಯವರನ್ನು ನೋಡಿ ಈ ಉಪಾಯವನ್ನು ಎರಡು ದಿನದಲ್ಲಿ ಕಲಿಯುತ್ತಾಳೆ. ಅಲ್ಲಿಗೆ ಕಲಿಕೆ ಚೆನ್ನಾಗೇ ನಡೆಯಿತು, ಅಲ್ವಾ? ಆದರೆ ಬ್ಯಾಂಕ್ ಏನೂ ಕಲಿಯಲಿಲ್ಲ. ಆ ಚೀಟಿ ಯಾಕೆ ಬೇಕಾಯಿತು ಅಂತ ಸ್ಕ್ರೀನ್ ಮಾಡಿದವರಿಗೆ ಯಾರೂ ಹೇಳಲಿಲ್ಲ. ನೂರಾರು ಶಾಖೆಗಳಲ್ಲಿ ನೂರಾರು ಚೀಟಿಗಳು ಹೀಗೆ ಕಸದ ಬುಟ್ಟಿ ಸೇರುತ್ತವೆ, ಪ್ರತಿಯೊಂದರ ಹಿಂದೆ ಒಂದು ಒಳ್ಳೆಯ ಸುಧಾರಣೆ ಕೂತಿರುತ್ತದೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕ್ರಿಸ್ ಆರ್ಗಿರಿಸ್ ಈ ವ್ಯತ್ಯಾಸವನ್ನು 1970ರ ದಶಕದಲ್ಲೇ ಗುರುತಿಸಿದ್ದರು. ನಿಯಮದ ಒಳಗೇ ಇದ್ದುಕೊಂಡು ತಪ್ಪನ್ನು ಸರಿಮಾಡುವುದು ಒಂದು ಸುತ್ತಿನ ಕಲಿಕೆ. ಈ ನಿಯಮವೇ ಯಾಕೆ ಹೀಗಿದೆ ಅಂತ ಕೇಳುವುದು ಎರಡನೇ ಸುತ್ತಿನದು. ಬ್ಯಾಂಕುಗಳು ಮೊದಲನೆಯದರಲ್ಲಿ ಗಟ್ಟಿಗರು. ಲೆಕ್ಕ ಒಂದು ಪೈಸೆ ತಪ್ಪಿದರೂ ಹುಡುಕಿ ಹಿಡಿಯುತ್ತಾರೆ. ಎರಡನೆಯದು ಬಂದರೆ ಎಲ್ಲರೂ ಮೌನ. ಆರ್ಗಿರಿಸ್ ಇನ್ನೊಂದು ಮಾತು ಹೇಳಿದ್ದರು, ಅದು ಬ್ಯಾಂಕಿನವರಿಗೆ ಹೇಳಿ ಬರೆಸಿದ ಹಾಗಿದೆ: ತುಂಬ ಬುದ್ಧಿವಂತರು, ಪರೀಕ್ಷೆಗಳಲ್ಲಿ ಯಾವತ್ತೂ ಸೋಲದೆ ಮೇಲೆ ಬಂದವರು, ಹೀಗೆ ಕಲಿಯುವುದರಲ್ಲಿ ಹಿಂದೆ ಬೀಳುತ್ತಾರೆ. ಸೋತು ಅಭ್ಯಾಸವಿಲ್ಲದ್ದರಿಂದ ಸೋಲಿನ ಸುಳಿವು ಸಿಕ್ಕ ಕೂಡಲೇ ಸಮರ್ಥನೆಗೆ ಇಳಿಯುತ್ತಾರೆ. ಬ್ಯಾಂಕಿನ ಹಿರಿಯ ಹುದ್ದೆಗಳಲ್ಲಿ ಇಂಥವರೇ ಜಾಸ್ತಿ ಇರುತ್ತಾರೆ.

ಈಗ ಭಯದ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಎಲ್ಲ ಸಿಕ್ಕಿಕೊಂಡಿರುವುದು ಇಲ್ಲೇ.

1990ರ ದಶಕದಲ್ಲಿ ಎಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರು ಅಂದುಕೊಂಡಿದ್ದರು. ಅಂಕಿ ನೋಡಿದರೆ ಉಲ್ಟಾ. ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲೇ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಆಮೇಲೆ ಕಾರಣ ತಿಳಿಯಿತು. ಆ ತಂಡಗಳು ಜಾಸ್ತಿ ತಪ್ಪು ಮಾಡುತ್ತಿರಲಿಲ್ಲ, ಜಾಸ್ತಿ ಹೇಳಿಕೊಳ್ಳುತ್ತಿದ್ದವು. ಉಳಿದ ತಂಡಗಳು ಮುಚ್ಚಿಡುತ್ತಿದ್ದವು. ಹೇಳಿದರೆ ಪೆಟ್ಟು ಬೀಳುವುದಿಲ್ಲ ಅನ್ನೋ ನಂಬಿಕೆಗೂ ತಂಡದ ಕಲಿಕೆಗೂ ಇರುವ ನಂಟಿನ ಬಗ್ಗೆ 1999ರಲ್ಲಿ ಅವರು ಬರೆದ ಪ್ರಬಂಧವನ್ನು ಇವತ್ತಿಗೂ ಎಲ್ಲ ಕಡೆ ಉಲ್ಲೇಖಿಸುತ್ತಾರೆ. ಇದನ್ನು ನಿಮ್ಮ ವಲಯದ ಶಾಖೆಗಳಿಗೆ ಹಚ್ಚಿ ನೋಡಿ. "ಈ ವರ್ಷ ಒಂದೂ ತಪ್ಪಿಲ್ಲ" ಅಂತ ವರದಿ ಕೊಟ್ಟ ಶಾಖೆಯನ್ನು ಹೊಗಳುವ ಮೊದಲು, ಅಲ್ಲಿ ಯಾರಾದರೂ ಬಾಯಿ ಬಿಡುತ್ತಾರಾ ಅಂತ ವಿಚಾರಿಸಬೇಕು.

ಬಾಯಿ ಬಿಡದ ಬ್ಯಾಂಕಿಗೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಕತೆ ಇದೆ. ಒಬ್ಬ ಗ್ರಾಹಕರಿಗೆ ಎಂಟು ಉತ್ಪನ್ನ ಮಾರಬೇಕು ಅನ್ನೋದು ಅಲ್ಲಿನ ಗುರಿ. ಆ ಟಾರ್ಗೆಟ್ ಮುಟ್ಟಲು ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಅಷ್ಟರಲ್ಲಿ ಸುಮಾರು 5,300 ಸಿಬ್ಬಂದಿಯ ಕೆಲಸ ಹೋಗಿತ್ತು. ನಕಲಿ ಖಾತೆ ತೆರೆಯಬಾರದು ಅಂತ ಆ ಬ್ಯಾಂಕಿನಲ್ಲಿ ತರಬೇತಿ ಇರಲಿಲ್ಲವಾ? ಇತ್ತು. ನೀತಿ ಪಾಠವೂ ನಡೆದಿತ್ತು, ದೂರು ಹೇಳಲು ಫೋನ್ ನಂಬರೂ ಇತ್ತು. ಪತ್ರಿಕೆಯಲ್ಲಿ 2013ರಲ್ಲೇ ವಿಷಯ ಬಂದಿತ್ತು. ಕೆಳಗಿನವರಿಗೆ ಎಲ್ಲ ಗೊತ್ತಿತ್ತು. ಆದರೆ ದಿನಾ ಬೆಳಗ್ಗೆ ಕೇಳುತ್ತಿದ್ದ ಪ್ರಶ್ನೆ "ನಿನ್ನೆ ಎಷ್ಟು ಮಾರಿದಿರಿ" ಅನ್ನೋದು. ಯಾವ ಪ್ರಶ್ನೆಗೆ ಸಂಬಳ ನಿಂತಿದೆಯೋ ಆ ಪ್ರಶ್ನೆಗೇ ಜನ ಉತ್ತರ ಕೊಡುತ್ತಾರೆ. ಅದನ್ನು ಮುಟ್ಟದೆ ಎಷ್ಟು ಪಾಠ ಮಾಡಿದರೂ ಸುಮ್ನೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ದುಡ್ಡು ಕಾಯುವ ಜಾಗದಲ್ಲಿ ತಪ್ಪು ಮಾಡಬಹುದಾ? ಈ ಪ್ರಶ್ನೆ ಕೇಳಿದ್ದಕ್ಕೆ ನಿಮ್ಮ ಬಗ್ಗೆ ಗೌರವ ಬಂತು, ಯಾಕೆಂದರೆ ಹೊಸತನದ ಬಗ್ಗೆ ಭಾಷಣ ಮಾಡುವವರು ಇದನ್ನು ಹಾರಿಸಿಬಿಡುತ್ತಾರೆ. ಗ್ರಾಹಕರ ಖಾತೆಯ ಲೆಕ್ಕದಲ್ಲಿ, ಗುರುತಿನ ದಾಖಲೆಯಲ್ಲಿ, ಹಣ ವರ್ಗಾವಣೆಯಲ್ಲಿ ತಪ್ಪಿಗೆ ಜಾಗ ಇಲ್ಲ. ಅಲ್ಲಿ ಪ್ರಯೋಗ ಬೇಡ, ನಿಯಮ ಇದ್ದ ಹಾಗೆ ನಡೆಯಲಿ. ಆದರೆ ಕ್ಯೂ ಹೇಗೆ ನಿಲ್ಲಬೇಕು, ಪತ್ರದಲ್ಲಿ ಯಾವ ಮಾತು ಮೊದಲು ಬರಬೇಕು, ಸಾಲದ ಅರ್ಜಿಯಲ್ಲಿ ಯಾವ ಪ್ರಶ್ನೆ ಮೊದಲು ಕೇಳಬೇಕು, ಇಂಥ ಕಡೆ "ಗೊತ್ತಿಲ್ಲ, ಮಾಡಿ ನೋಡೋಣ" ಅನ್ನಬಹುದು. ಸೋತರೆ ಹೋಗುವುದು ಸ್ವಲ್ಪ ಸಮಯ, ಅಷ್ಟೆ. ತಪ್ಪಿದ ನಮೂದು ಬೇರೆ, ಫಲ ಕೊಡದ ಪ್ರಯೋಗ ಬೇರೆ. ಎರಡಕ್ಕೂ ಒಂದೇ ರೀತಿಯ ವಿವರಣೆ ಕೇಳುವ ಪತ್ರ ಹೋಗುವ ಬ್ಯಾಂಕಿನಲ್ಲಿ ಯಾರೂ ಎರಡನೆಯದಕ್ಕೆ ಕೈ ಹಾಕುವುದಿಲ್ಲ.

ಇದನ್ನು ಶಿಸ್ತಾಗಿ ಮಾಡಿ ತೋರಿಸಿದ್ದು ಬ್ಯಾಂಕ್ ಆಫ್ ಅಮೆರಿಕ. ಸ್ವಲ್ಪ ಹಳೆಯ ಉದಾಹರಣೆ, ಆದರೂ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ, ಅದಕ್ಕೇ ವಿವರವಾಗಿ ಹೇಳುತ್ತೇನೆ. 2000ದಲ್ಲಿ ಆ ಬ್ಯಾಂಕ್ ಅಟ್ಲಾಂಟಾ ನಗರದ 20 ಶಾಖೆಗಳನ್ನು ಪ್ರಯೋಗಕ್ಕೆಂದೇ ಆರಿಸಿಕೊಂಡಿತು. ನಿಜವಾದ ಶಾಖೆಗಳು, ನಿಜವಾದ ಗ್ರಾಹಕರು, ಎಂದಿನ ವ್ಯವಹಾರ. ಅವರು ನೋಡಿದ ಒಂದು ಸಂಗತಿ ಇದು: ಕ್ಯೂನಲ್ಲಿ ಸುಮಾರು ಮೂರು ನಿಮಿಷ ಕಳೆದ ಮೇಲೆ ಜನರಿಗೆ ಕಾದ ಸಮಯ ನಿಜಕ್ಕಿಂತ ತುಂಬ ಜಾಸ್ತಿ ಅನಿಸತೊಡಗುತ್ತದೆ. ಕೌಂಟರಿನ ಮೇಲೆ ಟಿವಿ ಹಾಕಿ ಸುದ್ದಿ ತೋರಿಸಿದರೆ ಈ ಬೇಸರ ಕಡಿಮೆ ಆಗಬಹುದಾ? ಇಂಥ ಐಡಿಯಾ ಬೇರೆ ಕಡೆ ಬಂದಿದ್ದರೆ ಏನಾಗುತ್ತಿತ್ತು ನಿಮಗೇ ಗೊತ್ತು. ಒಬ್ಬ ದೊಡ್ಡವರಿಗೆ ಇಷ್ಟವಾದರೆ ಎಲ್ಲ ಶಾಖೆಗೂ ಟಿವಿ ಬರುತ್ತಿತ್ತು, ಇಷ್ಟವಾಗದಿದ್ದರೆ ಕಡತ ಮುಚ್ಚುತ್ತಿತ್ತು.

ಇಲ್ಲಿ ಹಾಗಾಗಲಿಲ್ಲ. ಒಂದು ಶಾಖೆಯಲ್ಲಿ ಟಿವಿ ಹಾಕಿದರು. ಅದೇ ಥರದ ಇನ್ನೊಂದು ಶಾಖೆಯನ್ನು ಹೋಲಿಕೆಗೆಂದು ಹಾಗೇ ಬಿಟ್ಟರು. ಹೊಸದು ಬಂದಾಗ ಜನ ಮೊದಲು ಕುತೂಹಲದಿಂದ ನೋಡುತ್ತಾರಲ್ಲ, ಆ ಮೊದಲ ಒಂದೆರಡು ವಾರದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆಮೇಲೆ ಅಳೆದರು. ಟಿವಿ ಇದ್ದ ಶಾಖೆಯಲ್ಲಿ ಗ್ರಾಹಕರು ಕಾದ ಸಮಯವನ್ನು ಹೆಚ್ಚಾಗಿ ಅಂದಾಜಿಸುವುದು ಶೇ 32ರಿಂದ ಶೇ 15ಕ್ಕೆ ಇಳಿಯಿತು. ಹೋಲಿಕೆಯ ಶಾಖೆಯಲ್ಲಿ ಅದೇ ಅವಧಿಯಲ್ಲಿ ಶೇ 15ರಿಂದ ಶೇ 26ಕ್ಕೆ ಏರಿತ್ತು. ಯಾರ ಅಭಿಪ್ರಾಯವೂ ಬೇಕಾಗಲಿಲ್ಲ. ಟಿವಿ ಇಲ್ಲಿ ದೊಡ್ಡ ವಿಷಯ ಅಲ್ಲ. "ನಮಗೆ ಗೊತ್ತಿಲ್ಲ" ಅಂತ ಒಪ್ಪಿಕೊಳ್ಳುವ ಒಂದು ಗೌರವದ ದಾರಿ ಆ ಬ್ಯಾಂಕಿಗೆ ಸಿಕ್ಕಿತಲ್ಲ, ಅದು ದೊಡ್ಡದು.

ಇದೇ ಕತೆಯಲ್ಲಿ ಇನ್ನೆರಡು ವಿಷಯಗಳಿವೆ. ನಿಮಗೆ ಉಪಯೋಗಕ್ಕೆ ಬರುವುದು ಇವೇ ಅಂತ ನನಗನಿಸುತ್ತದೆ.

ಮೊದಲನೆಯದು ಸಂಬಳ. ಮಾರಾಟ ನೋಡಿಕೊಳ್ಳುತ್ತಿದ್ದ ಸಿಬ್ಬಂದಿಗೆ ಸಂಬಳದ ಶೇ 30ರಿಂದ 50ರಷ್ಟು ಪ್ರೋತ್ಸಾಹ ಧನದ ರೂಪದಲ್ಲಿ ಬರುತ್ತಿತ್ತು. ಪ್ರಯೋಗದ ಶಾಖೆಗಳಲ್ಲಿ ತರಬೇತಿ, ಸಭೆ ಅಂತ ಅವರ ಸಮಯದ ಕಾಲು ಭಾಗದವರೆಗೂ ಹೋಗತೊಡಗಿತು. ಕಲಿಯಲು ಕೂತಷ್ಟು ಹೊತ್ತು ಜೇಬಿಗೆ ಕತ್ತರಿ. ಇದನ್ನು ಗಮನಿಸಿ ಬ್ಯಾಂಕ್ 2001ರ ಜನವರಿಯಲ್ಲಿ ಅವರಿಗೆ ನಿಗದಿತ ಪ್ರೋತ್ಸಾಹ ಧನ ಕೊಡಲು ಶುರು ಮಾಡಿತು. ಆಗ ಅಕ್ಕಪಕ್ಕದವರಿಗೆ ಅಸಮಾಧಾನ: ಇವರಿಗೆ ಮಾತ್ರ ಯಾಕೆ ಈ ಸವಲತ್ತು? ಕೆಲವೇ ತಿಂಗಳಲ್ಲಿ ಮತ್ತೆ ಹಳೆಯ ಪದ್ಧತಿಗೆ ಮರಳಬೇಕಾಯಿತು. ಕಲಿಕೆಗೆ ಸಮಯ ಕೊಡುತ್ತೇವೆ ಅನ್ನೋದು ಸುಲಭ, ಆ ಸಮಯದ ಬೆಲೆ ಯಾರ ಸಂಬಳದಿಂದ ಹೋಗುತ್ತದೆ ಅಂತ ತೀರ್ಮಾನಿಸುವುದು ಕಷ್ಟ. ನಿಮ್ಮ ಬ್ಯಾಂಕಿನಲ್ಲೂ ಆನ್‌ಲೈನ್ ಪಾಠವನ್ನು ಜನ ಊಟದ ಬಿಡುವಿನಲ್ಲಿ ಪಟಪಟ ಒತ್ತಿ ಮುಗಿಸುತ್ತಿದ್ದರೆ ಅದಕ್ಕೆ ಕಾರಣ ಇದೇ ಇರಬಹುದು. ಅವರನ್ನು ಬೈಯ್ಯಬೇಡಿ. ಬ್ಯಾಂಕ್ ಯಾವುದಕ್ಕೆ ದುಡ್ಡು ಕೊಡುತ್ತದೆ ಅಂತ ಅವರು ಸರಿಯಾಗಿಯೇ ಕಲಿತಿದ್ದಾರೆ.

ಎರಡನೆಯದು ಸೋಲಿನ ಲೆಕ್ಕ. ಪ್ರಯೋಗಗಳಲ್ಲಿ ಶೇ 30ರಷ್ಟು ಸೋಲಲಿ ಅಂತ ಆ ತಂಡ ಗುರಿ ಇಟ್ಟುಕೊಂಡಿತ್ತು, ಅಂದರೆ ಅಷ್ಟು ಸೋಲದಿದ್ದರೆ ನಾವು ಧೈರ್ಯ ಮಾಡುತ್ತಿಲ್ಲ ಅಂತ. ಆದರೆ 2002ರ ಹೊತ್ತಿಗೆ ಪರೀಕ್ಷೆಗೆ ಇಳಿದ 40 ಪ್ರಯೋಗಗಳಲ್ಲಿ ಸೋತದ್ದು ನಾಲ್ಕೇ. ಕೇಳಲು ಸಾಧನೆ ಅನಿಸುತ್ತದೆ. ನನಗೆ ಅದರಲ್ಲಿ ಅಂಜಿಕೆ ಕಾಣುತ್ತದೆ. ಸೋತರೂ ಪರವಾಗಿಲ್ಲ ಅಂತ ಮೇಲಿನವರು ಬಾಯಿಬಿಟ್ಟು ಹೇಳಿದಾಗಲೂ, ವರ್ಷಗಟ್ಟಲೆ ಸೋಲಬಾರದು ಅಂತ ಕಲಿತ ಜನ ಗೆಲ್ಲುವುದು ಗ್ಯಾರಂಟಿ ಇರುವುದನ್ನೇ ಆರಿಸಿಕೊಳ್ಳುತ್ತಾರೆ. ನೀವು ಒಂದು ಸಲ ಅನುಮತಿ ಕೊಟ್ಟರೆ ಸಾಲದು. ಸೋತ ಮೊದಲ ಪ್ರಯೋಗಕ್ಕೆ ನೀವು ಹೇಗೆ ನಡೆದುಕೊಳ್ಳುತ್ತೀರಿ ಅಂತ ಎಲ್ಲರೂ ಕಾಯುತ್ತಿರುತ್ತಾರೆ.

ಕಲಿಕೆಯ ಖರ್ಚಿನ ಬಗ್ಗೆ ಇನ್ನೊಂದು ಮಾತು. ಇದನ್ನು ಹಣಕಾಸು ವಿಭಾಗದವರು ಓದಲಿ ಅಂತ ನನ್ನ ಆಸೆ. 1980ರ ದಶಕದ ಕೊನೆಯಲ್ಲಿ ರಿಚರ್ಡ್ ಫೇರ್‌ಬ್ಯಾಂಕ್ ಮತ್ತು ನೈಜೆಲ್ ಮಾರಿಸ್ ಅನ್ನೋ ಇಬ್ಬರು ಸಲಹೆಗಾರರು ಒಂದು ಯೋಚನೆ ಹೊತ್ತು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆದರು. ಕ್ರೆಡಿಟ್ ಕಾರ್ಡನ್ನು ಎಲ್ಲರಿಗೂ ಒಂದೇ ಬಡ್ಡಿಯಲ್ಲಿ ಕೊಡುವ ಬದಲು ಬೇರೆ ಬೇರೆ ಷರತ್ತಿನಲ್ಲಿ ಕೊಟ್ಟು ನೋಡೋಣ, ಯಾರು ಹೇಗೆ ತೀರಿಸುತ್ತಾರೆ ಅಂತ ಅಂಕಿಯಿಂದ ಕಲಿಯೋಣ ಅಂತ. ಹೆಚ್ಚಿನವರು ಬೇಡ ಅಂದರು. ವರ್ಜೀನಿಯಾದ ಸಿಗ್ನೆಟ್ ಬ್ಯಾಂಕ್ ಒಪ್ಪಿತು. ಮೊದಲ ವರ್ಷಗಳಲ್ಲಿ ವಾಪಸು ಬಾರದ ಸಾಲ ಏರುತ್ತಲೇ ಹೋಯಿತು. ಲೆಕ್ಕಪುಸ್ತಕದಲ್ಲಿ ಅದು ಬರೀ ನಷ್ಟ. ನಿಜದಲ್ಲಿ ಅದು ಕಲಿಕೆಗೆ ಕೊಟ್ಟ ದುಡ್ಡು. ಯಾವ ಗ್ರಾಹಕರಿಗೆ ಏನು ಕೊಡಬಹುದು ಅನ್ನೋ ತಿಳಿವಳಿಕೆ ಹಾಗೇ ಬಂತು, ಬೇರೆ ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಗೆ ಇಲ್ಲಿಗೆ ವರ್ಗಾಯಿಸುವ ಯೋಜನೆ ಅದರಿಂದ ಬೆಳೆಯಿತು, ಸಿಗ್ನೆಟ್‌ನ ಆ ಕಾರ್ಡ್ ವಿಭಾಗವೇ 1990ರ ದಶಕದ ಮಧ್ಯದಲ್ಲಿ ಕ್ಯಾಪಿಟಲ್ ಒನ್ ಅನ್ನೋ ಬೇರೆ ಕಂಪನಿಯಾಯಿತು. ಎಲ್ಲ ಬ್ಯಾಂಕೂ ಹೀಗೆ ಸಾಲದಲ್ಲಿ ಪ್ರಯೋಗ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಕಲಿಕೆಯ ಖರ್ಚು ಇದೇ ತಿಂಗಳ ಲೆಕ್ಕದಲ್ಲಿ ಬರುತ್ತದೆ, ಲಾಭ ಎಷ್ಟೋ ವರ್ಷದ ಮೇಲೆ, ಅದೂ ಬೇರೊಬ್ಬರ ಲೆಕ್ಕದಲ್ಲಿ ಬರುತ್ತದೆ. ಆ ಅಂತರವನ್ನು ಕಾಯಲು ಯಾರಾದರೂ ದೊಡ್ಡವರು ಬೆನ್ನಿಗೆ ನಿಲ್ಲಬೇಕು.

ಈಚಿನ ಉದಾಹರಣೆ ಬೇಕಾದರೆ ಸಿಂಗಪುರದ ಡಿಬಿಎಸ್. 2009ರಲ್ಲಿ ಪೀಯೂಷ್ ಗುಪ್ತಾ ಮುಖ್ಯಸ್ಥರಾಗಿ ಬಂದಾಗ ಗ್ರಾಹಕರ ತೃಪ್ತಿಯಲ್ಲಿ ಅದು ಅಲ್ಲಿನ ಬ್ಯಾಂಕುಗಳ ಪೈಕಿ ಕೊನೆಯಲ್ಲಿತ್ತು. 2016ರಲ್ಲಿ ಜಗತ್ತಿನ ಅತ್ಯುತ್ತಮ ಡಿಜಿಟಲ್ ಬ್ಯಾಂಕ್ ಅಂತ ಯೂರೋಮನಿ ಪತ್ರಿಕೆಯ ಪ್ರಶಸ್ತಿ ಪಡೆಯಿತು. ಅಲ್ಲಿ ಮಾಡಿದ ಎರಡು ಸಣ್ಣ ಕೆಲಸ ನನಗೆ ತುಂಬ ಹಿಡಿಸಿದವು. ಒಂದು, ಕಲಿಯಲು ಸಿಬ್ಬಂದಿಗೆ 1,000 ಸಿಂಗಪುರ ಡಾಲರ್ ಕೊಡುತ್ತಾರೆ, ಕೆಲಸಕ್ಕೆ ಸಂಬಂಧಪಟ್ಟ ಯಾವ ವಿಷಯವಾದರೂ ಸರಿ. ಷರತ್ತು ಒಂದೇ: ಕಲಿತದ್ದನ್ನು ಕನಿಷ್ಠ ಹತ್ತು ಸಹೋದ್ಯೋಗಿಗಳಿಗೆ ಹೇಳಿಕೊಡಬೇಕು. ಹೇಳಿಕೊಡಬೇಕು ಅಂತ ಗೊತ್ತಿದ್ದಾಗ ಕಲಿಯುವ ರೀತಿಯೇ ಬೇರೆ ಆಗುತ್ತದೆ. ಜೊತೆಗೆ, ಯಾರಿಗೆ ಏನು ಗೊತ್ತು ಅನ್ನೋದು ಹತ್ತು ಜನರಿಗೆ ತಿಳಿಯುತ್ತದೆ, ಆಮೇಲೆ ಪ್ರಶ್ನೆ ಬಂದಾಗ ಅವರ ಬಳಿಗೇ ಹೋಗುತ್ತಾರೆ. ಇನ್ನೊಂದು, ಸಭೆಗಳಲ್ಲಿ ಒಬ್ಬರನ್ನು ಗಮನಿಸುವವರು ಅಂತ ನೇಮಿಸುತ್ತಾರೆ. ಎಲ್ಲರೂ ಮಾತಾಡಿದರಾ, ದೊಡ್ಡವರೊಬ್ಬರೇ ಮಾತಾಡಿದರಾ, ಹೊತ್ತಿಗೆ ಸರಿಯಾಗಿ ಮುಗಿಯಿತಾ ಅಂತ ಅವರು ಕೊನೆಯಲ್ಲಿ ಎಲ್ಲರೆದುರೇ ಹೇಳುತ್ತಾರೆ. ಕಿರಿಯರೊಬ್ಬರು ತಮ್ಮ ಮೇಲಧಿಕಾರಿಗೆ "ನೀವು ಜಾಸ್ತಿ ಮಾತಾಡಿದಿರಿ" ಅನ್ನಬೇಕಾದಾಗ ಆ ಧೈರ್ಯವನ್ನು ಆ ಪಾತ್ರವೇ ಕೊಡುತ್ತದೆ. ಧೈರ್ಯವಂತರು ಸಿಗಲಿ ಅಂತ ಕಾಯಬೇಕಾಗಿಲ್ಲ.

ಡಿಬಿಎಸ್ ಬಗ್ಗೆ ಹೊಗಳಿಕೆ ಮಾತ್ರ ಹೇಳಿ ನಿಲ್ಲಿಸಿದರೆ ನಿಮಗೆ ಅನ್ಯಾಯ ಆಗುತ್ತದೆ. 2023ರಲ್ಲಿ ಅದರ ಡಿಜಿಟಲ್ ಸೇವೆ ಮತ್ತೆ ಮತ್ತೆ ಕೈಕೊಟ್ಟಿತು. ಅಲ್ಲಿನ ಕೇಂದ್ರ ಬ್ಯಾಂಕು ಆ ನವೆಂಬರ್‌ನಲ್ಲಿ ಆರು ತಿಂಗಳ ಕಾಲ ಹೊಸ ವ್ಯವಹಾರಕ್ಕೆ ಇಳಿಯಬಾರದು, ಅಗತ್ಯವಿಲ್ಲದ ಐಟಿ ಬದಲಾವಣೆ ಮಾಡಬಾರದು ಅಂತ ತಡೆ ಹಾಕಿತು. ಹೊಸದನ್ನು ಕಟ್ಟುವ ಕಲಿಕೆ ಒಂದು, ಇದ್ದದ್ದನ್ನು ನಿಲ್ಲದಂತೆ ನಡೆಸುವ ಕಲಿಕೆ ಇನ್ನೊಂದು. ಬ್ಯಾಂಕಿಗೆ ಎರಡೂ ಬೇಕು. ಮೊದಲನೆಯದಕ್ಕೆ ಪ್ರಶಸ್ತಿ ಸಿಗುತ್ತದೆ, ಎರಡನೆಯದನ್ನು ಯಾರೂ ಗಮನಿಸುವುದಿಲ್ಲ, ಅದು ತಪ್ಪುವವರೆಗೂ.

ಎರಡನೆಯದು ಪೂರ್ತಿ ತಪ್ಪಿದರೆ ಏನಾಗುತ್ತದೆ ಅನ್ನೋದು ಬ್ರಿಟನ್ನಿನ ಟಿಎಸ್‌ಬಿಯಲ್ಲಿ ಕಂಡಿತು. 2018ರ ಏಪ್ರಿಲ್‌ನಲ್ಲಿ ಆ ಬ್ಯಾಂಕ್ ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಬಹುಮಟ್ಟಿಗೆ ಒಂದೇ ಏಟಿಗೆ ಸಾಗಿಸಿತು. 19 ಲಕ್ಷದಷ್ಟು ಜನ ತಮ್ಮದೇ ಖಾತೆ ನೋಡಲಾಗದೆ ಪರದಾಡಿದರು. 2022ರ ಡಿಸೆಂಬರ್‌ನಲ್ಲಿ 4.86 ಕೋಟಿ ಪೌಂಡ್‌ಗೂ ಹೆಚ್ಚು ದಂಡ ಬಿತ್ತು. ಕೇಳಬೇಕಾದ ಪ್ರಶ್ನೆಗಳನ್ನು ಆಡಳಿತ ಮಂಡಳಿಯೇ ಕೇಳಲಿಲ್ಲ ಅಂತ ಸ್ವತಂತ್ರ ವರದಿ ಹೇಳಿತು. ಹೆಜ್ಜೆ ದೊಡ್ಡದಾದಷ್ಟೂ ಕಲಿಯಲು ಸಿಗುವ ಅವಕಾಶ ಕಡಿಮೆ. ಸ್ವಲ್ಪ ಸ್ವಲ್ಪವಾಗಿ ಸಾಗಿಸಿದ್ದರೆ ಮೊದಲ ಕಂತಿನಲ್ಲೇ ಪಾಠ ಸಿಗುತ್ತಿತ್ತು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಎನ್‌ಜಿ ಬ್ಯಾಂಕ್ ತನ್ನ ಮುಖ್ಯ ಕಚೇರಿಯ ಸುಮಾರು 3,500 ಜನರನ್ನು ಒಂಬತ್ತು ಜನಕ್ಕೆ ಮೀರದ ಸಣ್ಣ ತಂಡಗಳಾಗಿ ಮರುಜೋಡಿಸಿತು. ಆಮೇಲೆ ಎಷ್ಟೋ ಬ್ಯಾಂಕುಗಳು ಆ ತಂಡಗಳ ಹೆಸರನ್ನು ನಕಲು ಮಾಡಿದವು. ಅಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ಮತ್ತೆ ಅರ್ಜಿ ಹಾಕಬೇಕಾಗಿ ಬಂದದ್ದು, ಸುಮಾರು ಶೇ 40ರಷ್ಟು ಜನ ಬೇರೆ ಹುದ್ದೆಗೆ ಹೋದದ್ದು, ಕೆಲವರು ಬಿಟ್ಟು ಹೋದದ್ದು ನಕಲಿಗೆ ಸಿಗುವುದಿಲ್ಲ. ಹೆಸರು ಬದಲಾಯಿಸಿದರೆ ಬೋರ್ಡು ಬದಲಾಗುತ್ತದೆ, ಅಷ್ಟೆ.

ಕಾನೂನು ಪಾಲನೆ ವಿಭಾಗದವರನ್ನು ಶತ್ರು ಅಂತ ನೋಡುವ ಅಭ್ಯಾಸ ನಿಮ್ಮಲ್ಲೂ ಇದ್ದರೆ ಬಿಡಿಸಿ. ಅವರು "ಬೇಡ" ಅನ್ನೋದು ಹೆಚ್ಚಾಗಿ ಯಾವಾಗ ಅಂದರೆ, ಎಲ್ಲ ಮುಗಿಸಿ ಸಹಿಗೆ ತಂದಾಗ. ಶುರುವಿನಲ್ಲೇ ಕರೆದು "ಯಾವ ಮಿತಿಯೊಳಗೆ ಇದನ್ನು ಮಾಡಿ ನೋಡಬಹುದು?" ಅಂತ ಕೇಳಿದರೆ ಬರುವ ಉತ್ತರ ಬೇರೆ. ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆ 2016ರಲ್ಲಿ, ಮಿತಿ ಹಾಕಿ ನಿಜವಾದ ಗ್ರಾಹಕರ ಜೊತೆ ಹೊಸ ಸೇವೆ ಪರೀಕ್ಷಿಸಲು ಅವಕಾಶ ಕೊಡುವ ವ್ಯವಸ್ಥೆಯನ್ನೇ ಶುರು ಮಾಡಿತು. ನಿಯಮ ಮಾಡುವವರೇ ಹೀಗೆ ಕಲಿಯಲು ತಯಾರಿದ್ದಾಗ, ಬ್ಯಾಂಕಿನ ಒಳಗಿನವರು ಒಬ್ಬರನ್ನೊಬ್ಬರು ದೂರ ಇಡಲು ಕಾರಣವಿಲ್ಲ.

ಇನ್ನು ನಿಮ್ಮ ಮಟ್ಟದಲ್ಲಿ. ಶಾಖೆಯ ಮುಖ್ಯಸ್ಥರಿಗೆ ಸಂಬಳದ ಪದ್ಧತಿ ಬದಲಿಸಲು ಆಗುವುದಿಲ್ಲ, ಸಾಫ್ಟ್‌ವೇರ್ ಬದಲಿಸಲು ಆಗುವುದಿಲ್ಲ. ಆದರೂ ನಿಮ್ಮ ಕೈಯಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ.

ಯಾರಾದರೂ ಬಂದು "ಸರ್, ಒಂದು ತಪ್ಪಾಗಿದೆ" ಅಂದಾಗ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ ಯಾವುದು? "ಯಾರು ಮಾಡಿದ್ದು?" ಅಂತ ಆದರೆ, ಮುಂದಿನ ಸಲ ನಿಮಗೆ ವಿಷಯ ಗೊತ್ತಾಗುವುದು ಆಡಿಟ್ ವರದಿಯಿಂದ. "ಬೇಗ ಹೇಳಿದ್ದು ಒಳ್ಳೆಯದಾಯಿತು, ಏನಾಯಿತು ಹೇಳಿ" ಅಂತ ಆದರೆ, ಅದನ್ನು ಇಡೀ ಶಾಖೆ ಕೇಳಿಸಿಕೊಳ್ಳುತ್ತದೆ. ಆಮೇಲೆ ತಪ್ಪು ಹೇಗಾಯಿತು ಅಂತ ಎಲ್ಲರೂ ಕೂತು ನೋಡಿ. ಬೇರೆಯವರು ಆ ಕುರ್ಚಿಯಲ್ಲಿದ್ದರೂ ಅದೇ ತಪ್ಪು ಆಗುತ್ತಿತ್ತಾ ಅಂತ ಕೇಳಿ. ಹೌದು ಅಂದರೆ ಸರಿಮಾಡಬೇಕಾದ್ದು ಸ್ಕ್ರೀನನ್ನು ಅಥವಾ ಕ್ರಮವನ್ನು, ಮನುಷ್ಯರನ್ನಲ್ಲ. ಬೇಕಂತಲೇ ಮಾಡಿದ ಮೋಸ ಇದರಲ್ಲಿ ಸೇರುವುದಿಲ್ಲ, ಅದಕ್ಕೆ ಬೇರೆ ದಾರಿ ಇದೆ, ಅದನ್ನು ಎಲ್ಲರಿಗೂ ಮೊದಲೇ ಹೇಳಿಬಿಡಿ.

ವಾರಕ್ಕೊಮ್ಮೆ ಕಾಲು ಗಂಟೆ, ಕೆಲಸದ ಹೊತ್ತಿನಲ್ಲೇ, ಒಂದೇ ಪ್ರಶ್ನೆ: ಈ ವಾರ ಯಾವ ಕೆಲಸಕ್ಕೆ ನೀವು ಅಡ್ಡದಾರಿ ಹಿಡಿಯಬೇಕಾಯಿತು? "ಸಲಹೆ ಕೊಡಿ" ಅಂದರೆ ಜನ ಸುಮ್ಮನಾಗುತ್ತಾರೆ. ಅಡ್ಡದಾರಿ ಕೇಳಿದರೆ ಮಾತು ಹೊರಡುತ್ತದೆ, ಮೊದಲು ಹೇಳಿದ ಚೀಟಿಯ ಥರದ್ದೆಲ್ಲ ಹೊರಗೆ ಬರುತ್ತದೆ. ಬಂದದ್ದನ್ನು ಒಂದು ಪುಸ್ತಕದಲ್ಲಿ ಬರೆಯಿರಿ: ಯಾರು ಹೇಳಿದರು, ಯಾವ ತಾರೀಖು, ಏನು ಮಾಡಿದೆವು, ಯಾವ ತಾರೀಖು ಉತ್ತರ ಕೊಟ್ಟೆವು. ಉತ್ತರ "ಆಗಲ್ಲ" ಅಂತ ಇದ್ದರೂ ಕಾರಣ ಸಮೇತ ಕೊಡಿ. ಸಲಹೆ ಪೆಟ್ಟಿಗೆಗಳು ಸಾಯುವುದು ನಿರಾಕರಣೆಯಿಂದಲ್ಲ, ಉತ್ತರವೇ ಬಾರದ್ದರಿಂದ. ಶಾಖೆಯಲ್ಲೇ ಸರಿಮಾಡಬಹುದಾದ್ದನ್ನು ಅದೇ ವಾರ ಮಾಡಿ, ಎಷ್ಟೇ ಸಣ್ಣದಾಗಿರಲಿ. ಹೇಳಿದರೆ ಏನಾದರೂ ಆಗುತ್ತದೆ ಅಂತ ಒಂದು ಸಲ ಕಣ್ಣಾರೆ ಕಂಡರೆ ಸಾಕು, ಮುಂದಿನ ವಾರ ಇನ್ನಿಬ್ಬರು ಬಾಯಿ ಬಿಡುತ್ತಾರೆ.

ಮೇಲೆ ಕಳಿಸಬೇಕಾದ್ದನ್ನು ಅಭಿಪ್ರಾಯದ ರೂಪದಲ್ಲಿ ಕಳಿಸಬೇಡಿ. ನಿಮ್ಮಂಥದೇ ಗಾತ್ರದ ಶಾಖೆ ನೋಡಿಕೊಳ್ಳುವ ಒಬ್ಬ ಸ್ನೇಹಿತರನ್ನು ಹಿಡಿಯಿರಿ. ಬದಲಾವಣೆ ನಿಮ್ಮಲ್ಲಿ ನಡೆಯಲಿ, ಅವರದ್ದು ಹಾಗೇ ಇರಲಿ. ಮೊದಲ ಎರಡು ವಾರ ಬಿಟ್ಟು ಒಂದು ತಿಂಗಳು ಎರಡೂ ಕಡೆ ಒಂದೇ ಸಂಗತಿಯನ್ನು ಅಳೆಯಿರಿ: ಒಂದು ಖಾತೆ ತೆರೆಯಲು ಹಿಡಿದ ನಿಮಿಷ, ವಾಪಸು ಬಂದ ಅರ್ಜಿಗಳ ಸಂಖ್ಯೆ, ಯಾವುದಾದರೂ ಒಂದು. ಎರಡು ಶಾಖೆಯ ಅಂಕಿ ಅಕ್ಕಪಕ್ಕ ಇಟ್ಟು, ಆ ವಿಷಯ ಮೊದಲು ಹೇಳಿದ ಸಿಬ್ಬಂದಿಯ ಹೆಸರನ್ನು ಅವರನ್ನು ಕೇಳಿಯೇ ಮೊದಲ ಸಾಲಿನಲ್ಲಿ ಹಾಕಿ ವಲಯ ಕಚೇರಿಗೆ ಕಳಿಸಿ. ಅಂಕಿ ನಿಮ್ಮ ವಿರುದ್ಧ ಬಂದರೂ ಕಳಿಸಿ, ಅದೇ ಅಕ್ಕಪಕ್ಕದ ಪಟ್ಟಿ, ಅದೇ ಹೆಸರು ಮೊದಲ ಸಾಲಿನಲ್ಲಿ, ಮತ್ತು ಕಳಿಸಿದ ಪ್ರತಿಯನ್ನು ವಾರದ ಆ ಕಾಲು ಗಂಟೆಯಲ್ಲಿ ಎಲ್ಲರಿಗೂ ಓದಿ ಹೇಳಿ.